ಆಷಾಢದ ಚೌಕಾಸಿ
1892ರಲ್ಲಿ ಬೆಂಗಳೂರಿನ ಚಾಮರಾಜಪೇಟೆ ರೂಪುಗೊಂಡಿತು. 1898ರ ಪ್ಲೇಗಿನ ಬೆನ್ನಿಗೆ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ಮೆಜೆಸ್ಟಿಕ್ಕಿನ ಆಚೀಚೆಯ ಈ ಬಡಾವಣೆಗಳಲ್ಲಿ ಮನೆ ಕೊಂಡು, ರಿಪೇರಿ ಮಾಡಿಸಿ ಮಾರುವವರ ಕಾಲವನ್ನು ಇಂದಿಗೂ ನಿರ್ಧರಿಸುವುದು ಮಳೆಗಿಂತ ಹೆಚ್ಚಾಗಿ ಪಂಚಾಂಗ. ಆಷಾಢ, ಪಿತೃಪಕ್ಷ, ಧನುರ್ಮಾಸಗಳಲ್ಲಿ ಗೃಹಪ್ರವೇಶವಿಲ್ಲ; ಕೊಳ್ಳುವವರು ಕಡಿಮೆ, ಚೌಕಾಸಿಗೆ ಎಡೆ ಹೆಚ್ಚು. ಆಷಾಢ ಮಳೆಗಾಲವಾದ್ದರಿಂದ ಹಿರಿಯರು ಈ ಕಟ್ಟು ಹಾಕಿದರು ಎಂಬ ವಾದವಿದೆ. ಕೇಳಲು ಚೆನ್ನ, ಬೆಂಗಳೂರಿಗೆ ಒಗ್ಗದು: ಇಲ್ಲಿ ಹೆಚ್ಚು ಮಳೆ ಸುರಿಯುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ, ಆ ನಡುವೆಯೇ ಬರುವ ವಿಜಯದಶಮಿ ಶುಭದಿನ. ಒಣಹವೆಯ ಧನುರ್ಮಾಸವೋ ನಿಷಿದ್ಧ.

ವ್ಯಾಪಾರದ ಈ ಏರಿಳಿತಕ್ಕೆ ಶಾಲೆ ಜೂನಿನಲ್ಲಿ ತೆರೆಯುವುದೂ ಕಾರಣವಲ್ಲವೇ? ಏಪ್ರಿಲ್, ಮೇ ತಿಂಗಳ ಗಿರಾಕಿಗೆ ಹೌದು. ಶ್ರಾವಣದಲ್ಲಿ ವ್ಯಾಪಾರ ಮತ್ತೆ ಚಿಗುರುವುದಕ್ಕೆ ಅಲ್ಲ. ಮಳೆಯ ಮಾತು ನಡೆಯುವುದು ರಿಪೇರಿಯಲ್ಲಿ: ಗಾರೆ ಗೋಡೆ, ಮದ್ರಾಸ್ ತಾರಸಿಯ ಹಳೆಮನೆ ಎಲ್ಲಿ ಸೋರುತ್ತದೆಂದು ಬೇಸಿಗೆಯಲ್ಲಿ, ಹೊಸ ಬಣ್ಣದ ಮೇಲೆ, ತಿಳಿಯದು. ಕೊಳ್ಳುವುದು ಯಾವಾಗಲಾದರೂ ಇರಲಿ, ಹಳೆಮನೆಯನ್ನು ಒಮ್ಮೆ ಮಳೆಯಲ್ಲಿ ನೋಡಿ.