ನರೋಣಾ ಸೀಮೆಯ ಜನನ, ತಾಯಿ–ಶಿಶು ಆರೋಗ್ಯ

ನರೋಣಾ ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನಲ್ಲಿದೆ. ಪ್ರಾದೇಶಿಕ ಅಸಮತೋಲನ ಕುರಿತ ನಂಜುಂಡಪ್ಪ ಸಮಿತಿ 2002ರಲ್ಲಿ ಆಳಂದವನ್ನು ಅತಿ ಹಿಂದುಳಿದ ತಾಲ್ಲೂಕೆಂದು ಗುರುತಿಸಿತು. ಆದ್ದರಿಂದ ರಾಜ್ಯದ ಸರಾಸರಿಯನ್ನು ಈ ಸೀಮೆಗೆ ಹಾಗೆಯೇ ಹೊಂದಿಸುವುದು ಸರಿಯಲ್ಲ. ಹಿನ್ನೆಲೆಗಾಗಿ ಮಾತ್ರ ರಾಜ್ಯದ ಅಂಕಿಗಳನ್ನು ನೋಡೋಣ: ಕರ್ನಾಟಕದಲ್ಲಿ ಲಕ್ಷ ಸಜೀವ ಜನನಗಳಿಗೆ ತಾಯಂದಿರ ಮರಣ 2001–03ರಲ್ಲಿ 228 ಇದ್ದದ್ದು 2018–20ರಲ್ಲಿ 69ಕ್ಕೆ ಇಳಿಯಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ಒಟ್ಟು ಫಲವಂತಿಕೆ ದರ 1.7 ಇತ್ತು, ಶೇ 97ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿದ್ದವು. ಆದರೂ ಗರ್ಭಿಣಿಯರಲ್ಲಿ ಸುಮಾರು ಶೇ 46 ಮಂದಿಗೆ ರಕ್ತಹೀನತೆ ಇತ್ತು. ಸಾವಿರ ಶಿಶುಗಳಲ್ಲಿ ಸುಮಾರು 25 ಶಿಶುಗಳು ಒಂದು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು.

ಆಸ್ಪತ್ರೆ ಹೆರಿಗೆಯೇ ಸಾವನ್ನು ತಗ್ಗಿಸಿತು, ಅದನ್ನೇ ಬಲಪಡಿಸಿದರೆ ಸಾಕು ಎಂಬ ವಾದವುಂಟು. ರಕ್ತಸ್ರಾವ, ನಂಜಿನ ಮಟ್ಟಿಗೆ ಅದು ನಿಜ. ಆದರೆ ಹದಿನೆಂಟಕ್ಕೆ ಮೊದಲೇ ಮದುವೆಯಾಗಿ, ರಕ್ತ ಕಡಿಮೆಯಿರುವಾಗಲೇ ಬಸುರಾದವಳ ಅಪಾಯ ಹೆರಿಗೆ ಕೋಣೆಗೆ ಬರುವ ಎಷ್ಟೋ ಮೊದಲೇ ಶುರುವಾಗಿರುತ್ತದೆ. ಕಡಿಮೆ ತೂಕದ ಕೂಸು ಅದರ ಫಲ. 2017ರ ಮಾತೃಪೂರ್ಣ ಯೋಜನೆ ಗರ್ಭಿಣಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಕೊಟ್ಟು ರಕ್ತಹೀನತೆಯ ಬೇರನ್ನೇ ಹಿಡಿಯಿತು. ಆದರೆ ದುಡಿಮೆಗಾಗಿ ಪುಣೆ, ಮುಂಬೈಗೆ ಗುಳೆ ಹೋದ ಬಸುರಿಗೆ ಊರಿನ ಅಂಗನವಾಡಿಯ ಊಟ ಸಿಗದು. ಚೊಚ್ಚಲ ಹೆರಿಗೆಗೆ ತವರಿಗೆ ಹೋದವಳ ತಪಾಸಣೆಯೂ ಎರಡು ಊರುಗಳ ನಡುವೆ ತಪ್ಪಿಹೋಗಬಹುದು.