ಕುದುರೆ ಹತ್ತೋ ಮುಂಚೆ ಪಹಣಿ ನೋಡಿ



ಅಮೆರಿಕದಲ್ಲಿ ಪೋನಿ ಎಕ್ಸ್‌ಪ್ರೆಸ್ ಅನ್ನೋ ಕುದುರೆ ಅಂಚೆ ಇತ್ತು. 1860ರಲ್ಲಿ ಶುರುವಾಗಿ, ಟೆಲಿಗ್ರಾಫ್ ತಂತಿ ಬಂದ ಮೇಲೆ 1861ರಲ್ಲೇ ಮುಚ್ಚಿತು. ಈಗಲೂ ಜನ ವರ್ಷಕ್ಕೊಮ್ಮೆ ಅದೇ ದಾರಿಯಲ್ಲಿ ಕುದುರೆ ಮೇಲೆ ಕಾಗದ ಸಾಗಿಸಿ ಅದನ್ನ ನೆನೀತಾರೆ. ಆ ವಿಡಿಯೋ ನೋಡಿದ ಪರಿಚಯದವರೊಬ್ಬರು, "ಚಿಕ್ಕಮಗಳೂರಿಂದ ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಕಳಸದವರೆಗೆ ನಾವೂ ಹಿಂಗೇ ಮಾಡಿದ್ರೆ ಹೆಂಗೆ ಸಾರ್?" ಅಂದ್ರು.

ಮಾಡೋಣ. ಆದ್ರೆ ಯಾರನ್ನ ನೆನೆಯೋದು?

ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಹುಟ್ಟಿ, 1889ರಲ್ಲಿ ಬ್ರಿಟಿಷರ ಅಂಚೆಯೊಳಗೆ ಸೇರಿಹೋದ ಮೈಸೂರು ಅಂಚೆ ಹೆಚ್ಚಾಗಿ ನಡೆದದ್ದು ಮನುಷ್ಯರ ಕಾಲ ಮೇಲೆ. ಹೆಗಲಲ್ಲಿ ಚೀಲ ಹೊತ್ತು ಒಬ್ಬ ಓಡಿ ಇನ್ನೊಬ್ಬನಿಗೆ ದಾಟಿಸಬೇಕಿತ್ತು.

ಹಳೇ ಮೈಸೂರಿನ ಹಳ್ಳಿಗಳಲ್ಲಿ ಇಲಾಖೆ ಲೆಕ್ಕಕ್ಕೆ ಸಿಗದ ಇನ್ನೊಂದು ಅಂಚೆ ಇತ್ತು. ಶಾನುಭೋಗರ ಕಾಗದ, ಕಂದಾಯದ ಗಂಟು ಹೊತ್ತು ತಾಲ್ಲೂಕು ಕಚೇರಿಗೆ ನಡೀತಿದ್ದವನು ತೋಟಿ. ಆ ಚಾಕರಿ ಬಹುಪಾಲು ನಮ್ಮ ಕೇರಿಯದ್ದು. ಪ್ರತಿಫಲ ಅಂದ್ರೆ ಕಣದ ಕಾಳು, ತುಂಡು ಇನಾಂ ಜಮೀನು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ಆ ವಂಶಪಾರಂಪರ್ಯ ಚಾಕರಿ ತೆಗೆದುಹಾಕಿ, ಜಮೀನು ಚಾಕರಿ ಮಾಡಿದ ಮನೆತನಕ್ಕೇ ಮರುಮಂಜೂರಾಗಲು ದಾರಿ ಮಾಡಿತು.

ನಾನು ಕಚೇರಿಯಲ್ಲಿ ಟಪಾಲು ಬರ್ಕೊಳ್ಳೋ ಗುಮಾಸ್ತ. ಕಾಗದಕ್ಕೆ ನಂಬರ್ ಬೀಳುತ್ತೆ, ಹೊತ್ತು ತಂದವನ ಹೆಸರು ಬೀಳಲ್ಲ.

ಅದಕ್ಕೇ ಕೇಳ್ತಿದ್ದೀನಿ. ನಿಮ್ಮ ಮನೆತನದಲ್ಲಿ ತೋಟಿ ಚಾಕರಿ ಮಾಡಿದ ಅಜ್ಜ ಇದ್ರೆ ಹೆಸರು, ಊರು, ಇನಾಂ ಜಮೀನಿನ ಸರ್ವೆ ನಂಬರ್ ಬರೆದಿಡಿ. ಪಹಣಿ ತೆಗೆಸಿ, ಈಗ ಅದು ಯಾರ ಹೆಸರಲ್ಲಿದೆ ನೋಡಿ.

ಕುದುರೆ ಆಮೇಲೆ ಹತ್ತೋಣ.

ಜೈ ಭೀಮ್.