ಇಂದೋರಿಗೆ ಹೋಗಿ ಬಂದ ತಿಪ್ಪೆ

ಶಿವರಾತ್ರಿಗೆ ಚಳಿ ‘ಶಿವಶಿವಾ’ ಎಂದು ಓಡಿಹೋಗುತ್ತದೆ ಅನ್ನುವ ಮಾತು ದೆಹಲಿಗೂ ಹೆಚ್ಚುಕಡಿಮೆ ಒಪ್ಪುತ್ತದೆ. ಆ ಹೊತ್ತಿಗೆ ನಮ್ಮ ಬಾಲ್ಕನಿಯ ಮೆಂತ್ಯ, ಪಾಲಕ್ ಹೂವಿಗೆ ತಿರುಗುತ್ತವೆ. ಬೆಂಡೆ, ಹೀರೆ, ಸೋರೆ ಬೀಜ ಊರುವ ಕಾಲ ಬರುತ್ತದೆ. ದೀಪಾವಳಿಯ ನಂತರ ತೂತು ಕೊರೆದ ಹಳೆಯ ಬಕೆಟ್ಟಿನಲ್ಲಿ ತರಕಾರಿ ಸಿಪ್ಪೆ, ಒಣ ಎಲೆ ತುಂಬುತ್ತ ಬಂದಿದ್ದೆ. ಈ ಸಲ ಮುಚ್ಚಳ ತೆಗೆದಾಗ ತಳದಲ್ಲಿ ಕಪ್ಪು ಪುಡಿ, ಮಳೆ ಬಿದ್ದ ಹೊಲದ ವಾಸನೆ. ಊರಿಂದ ಬಂದಿದ್ದ ಅವ್ವ ಇಣುಕಿ ನೋಡಿ, “ಅಲ್ಲ ಕಣ್ ಮಗಾ, ಇದು ತಿಪ್ಪೆಗೊಬ್ರ ತಾನೆ? ಕಂಪೋಸ್ಟು ಅಂತ ಬೇರೆ ಹೆಸರು ಯಾಕೆ?” ಅಂದಳು.

ಹುಡುಗನಾಗಿದ್ದಾಗ ಮಂಕರಿಯಲ್ಲಿ ಕೊಟ್ಟಿಗೆ ಕಸ ಹೊತ್ತು ತಿಪ್ಪೆಗೆ ಹಾಕುವಾಗ ಗೆಳೆಯರು ಕಂಡಾರೆಂದು ನಾಚುತ್ತಿದ್ದೆ. ನಗರಕ್ಕೆ ಬಂದ ಮೇಲೆ ಅದನ್ನೇ ಚೀಲದಲ್ಲಿ ದುಡ್ಡು ಕೊಟ್ಟು ತರಿಸಿದ್ದೂ ಉಂಟು. ಹಾಗಾಗಿ ಅವಳ ಪ್ರಶ್ನೆ ಸ್ವಲ್ಪ ಚುಚ್ಚಿತು.

ಉತ್ತರದ ಒಂದು ಎಳೆ ನನ್ನ ಬೀಜದ ಪೊಟ್ಟಣದ ಮೇಲೆಯೇ ಇತ್ತು: ‘ಪೂಸಾ’. ದೆಹಲಿಯವರಿಗೆ ಪೂಸಾ ಎಂದರೆ ಕೃಷಿ ಸಂಶೋಧನಾ ಸಂಸ್ಥೆಯ ದೊಡ್ಡ ಆವರಣ. ನಿಜವಾದ ಪೂಸಾ ಇರುವುದು ಬಿಹಾರದಲ್ಲಿ. 1905ರಲ್ಲಿ ಅಲ್ಲಿ ಹುಟ್ಟಿದ ಸಂಸ್ಥೆ, 1934ರ ಭೂಕಂಪದಲ್ಲಿ ಕಟ್ಟಡ ಹಾಳಾದ ಮೇಲೆ 1936ರಲ್ಲಿ ದೆಹಲಿಗೆ ಬಂತು. ಬರುವಾಗ ಊರ ಹೆಸರನ್ನೂ ಗಂಟು ಕಟ್ಟಿಕೊಂಡು ಬಂತು. ನಮ್ಮ ಹಾಗೆ ಅದೂ ವಲಸೆ ಬಂದದ್ದೇ.

ಆ ಹಳೆಯ ಪೂಸಾಕ್ಕೆ 1905ರಲ್ಲೇ ಸಸ್ಯವಿಜ್ಞಾನಿಯಾಗಿ ಬಂದವರು ಆಲ್ಬರ್ಟ್ ಹೊವಾರ್ಡ್, ಇಂಗ್ಲೆಂಡಿನ ಶ್ರಾಪ್‌ಶೈರ್‌ನ ರೈತನ ಮಗ. ಹೆಂಡತಿ ಗೇಬ್ರಿಯೆಲ್ ಕೂಡ ಸಸ್ಯವಿಜ್ಞಾನಿ. ಕಲಿಸಲು ಬಂದ ಹೊವಾರ್ಡ್, ಸುತ್ತಲಿನ ರೈತರ ಬೆಳೆಗೆ ಔಷಧಿಯಿಲ್ಲದೆಯೂ ರೋಗ ಕಡಿಮೆ ಇರುವುದನ್ನು ಕಂಡು ಕಲಿಯಲು ಕೂತರು. ರೈತರು ಮತ್ತು ಕೀಟಗಳೇ ತಮ್ಮ ಗುರುಗಳೆಂದು ಮುಂದೆ ಬರೆದರು.

1924ರಲ್ಲಿ ಅವರು ಇಂದೋರಿನಲ್ಲಿ ಹೊಸ ಸಂಸ್ಥೆ ಕಟ್ಟಿದರು. ಅಲ್ಲಿ ಎದುರಾದದ್ದು ಬಡತನದ ಲೆಕ್ಕ. ಸಗಣಿಯ ಬಹುಪಾಲು ಬೆರಣಿಯಾಗಿ ಒಲೆಗೆ ಹೋಗುತ್ತಿತ್ತು. ಹೊಲಕ್ಕೆ ಉಳಿಯುತ್ತಿದ್ದದ್ದು ಸ್ವಲ್ಪ. ಇರುವ ಸಗಣಿಯನ್ನು ಹೆಪ್ಪಿನ ಹಾಗೆ ಬಳಸಿ ಹೆಚ್ಚು ಗೊಬ್ಬರ ಮಾಡುವುದು ಹೇಗೆ? ಬೆಳೆಯ ಕಸಕಡ್ಡಿಯನ್ನು ದನಗಳ ಕಾಲಡಿ ಹಾಸಿ, ಸಗಣಿ ಬಗ್ಗಡ, ಗಂಜಲ ಹೀರಿದ ಮಣ್ಣು, ಒಲೆಯ ಬೂದಿ ಸೇರಿಸಿ ಆಳವಿಲ್ಲದ ಗುಂಡಿಯಲ್ಲಿ ಪದರ ಪದರವಾಗಿ ಒಟ್ಟಿದರು. ಹದವಾಗಿ ನೀರು ಚಿಮುಕಿಸಿ, ಗಾಳಿಯಾಡಲೆಂದು ಆಗಾಗ ತಿರುವಿ ಹಾಕಿದರು. ಸುಮಾರು ಮೂರು ತಿಂಗಳಿಗೆ ಗೊಬ್ಬರ ಸಿದ್ಧ. ಇದೇ ‘ಇಂದೋರ್ ಪದ್ಧತಿ’. ಚೀನಾದ ರೈತರ ಗೊಬ್ಬರದ ಬಗ್ಗೆ ಎಫ್. ಎಚ್. ಕಿಂಗ್ 1911ರ ಪುಸ್ತಕದಲ್ಲಿ ಬರೆದದ್ದೂ ಇದರ ಹಿಂದಿತ್ತು.

ಈ ಪ್ರಯೋಗಗಳ ಪುಸ್ತಕ 1931ರಲ್ಲಿ ಬಂತು. ಅದರಲ್ಲಿ ಲೇಖಕರು ಇಬ್ಬರು: ಹೊವಾರ್ಡ್ ಮತ್ತು ಯಶವಂತ ವಾಡ್. ಮೊದಲನೆಯ ಹೆಸರು ಲೋಕ ಸುತ್ತಿತು, ಎರಡನೆಯದು ಅಷ್ಟಾಗಿ ಯಾರ ಬಾಯಲ್ಲೂ ಉಳಿಯಲಿಲ್ಲ.

ಹೊವಾರ್ಡ್ ಅದೇ ವರ್ಷ ಇಂಗ್ಲೆಂಡಿಗೆ ಮರಳಿದರು. 1939ರಲ್ಲಿ ಯುದ್ಧ ಶುರುವಾದಾಗ ಅಲ್ಲಿನ ಸರ್ಕಾರ ‘ಗೆಲುವಿಗಾಗಿ ಅಗೆಯಿರಿ’ ಎಂದು ಜನರನ್ನು ಹಿತ್ತಲಿಗೆ ಇಳಿಸಿತು. ಲಂಡನ್ ಕೋಟೆಯ ಕಂದಕದಲ್ಲೂ ತರಕಾರಿ ಬೆಳೆದರು. ಚಳಿಗಾಲದ ದಾಸ್ತಾನು ಮುಗಿದು ಹೊಸ ಬೆಳೆ ಕೈಗೆ ಬಾರದ ವಸಂತ ಅಲ್ಲಿ ತರಕಾರಿಗೆ ಕಷ್ಟದ ಕಾಲ. ಕಸ ಸುಡಬೇಡಿ, ಗೊಬ್ಬರ ಮಾಡಿ ಎಂದು ಕರಪತ್ರಗಳು ಹೇಳಿದವು. 1940ರಲ್ಲಿ ಹೊವಾರ್ಡ್ ಅವರ ಇನ್ನೊಂದು ಪುಸ್ತಕ ಬಂತು. ಅದನ್ನು ಓದಿದ ಜೆ. ಐ. ರೊಡೇಲ್ 1942ರಲ್ಲಿ ಅಮೆರಿಕದಲ್ಲಿ ಸಾವಯವ ಕೃಷಿಯ ಪತ್ರಿಕೆ ತೆಗೆದರು. ಅಲ್ಲಿಂದ ತಿಪ್ಪೆ ‘ಆರ್ಗ್ಯಾನಿಕ್’ ಆಗಿ, ಅಂದದ ಚೀಲ ಸೇರಿ, ನನ್ನ ಬಾಗಿಲಿಗೆ ಬಂತು.

ಇದನ್ನೆಲ್ಲ ಹೇಳಿದಾಗ ಅವ್ವ ಕೇಳಿದ್ದು ಒಂದೇ: “ಹೇಳ್ಕೊಟ್ಟೋರ ಹೆಸ್ರು ಪುಸ್ತಕದ ಮ್ಯಾಲೆ ಐತಾ?”

ಇಲ್ಲ. ಹಾಗೆಂದು ಹೊವಾರ್ಡ್ ಕದ್ದರು ಎನ್ನಲಾರೆ. ಕಲಿತದ್ದನ್ನು ಅವರು ಮುಚ್ಚಿಡಲಿಲ್ಲ. ನಮ್ಮೂರ ತಿಪ್ಪೆಯಲ್ಲಿ ಬಿಸಿಲು ಮಳೆಗೆ ಹೋಗುತ್ತಿದ್ದ ಸತ್ವವನ್ನು ಉಳಿಸಲು ಅವರೂ ವಾಡ್ ಅವರೂ ಅಳೆದು, ತೂಗಿ, ತಿರುವಿ ಒಂದು ಕ್ರಮ ಕಂಡುಕೊಂಡರು. ಆ ಶ್ರಮ ದೊಡ್ಡದು. ಆದರೆ ಅವರು ಗುರುವೆಂದು ಕಂಡ ಕೆಲಸವನ್ನು ಕಂಡು ನಾನು ನಾಚಿದ್ದೆ. ಹೆಸರು ಮರೆತದ್ದು ಪುಸ್ತಕವೊಂದೇ ಅಲ್ಲ.

ಅವ್ವ ಬಕೆಟ್ಟಿಗೆ ಕೈ ಹಾಕಿ ಗೊಬ್ಬರ ಹಿಂಡಿ ನೋಡಿದಳು. “ಇನ್ನೊಂದು ಹದಿನೈದು ದಿನ ಬುಡು, ಮೇಲಿಂದು ಇನ್ನೂ ಕಳ್ತಿಲ್ಲ” ಅಂದಳು. ತಳದ್ದನ್ನಷ್ಟೇ ಕುಂಡಕ್ಕೆ ಬೆರೆಸಿ ಹೀರೆ ಬೀಜ ಊರಿದೆವು. ಉಳಿದದ್ದನ್ನು ತಿರುವಿ ಮುಚ್ಚಿಟ್ಟಿದ್ದೇನೆ. ಈಗ ಅದನ್ನು ಮನೆಯಲ್ಲಿ ತಿಪ್ಪೆ ಅಂತಲೇ ಕರೆಯುತ್ತೇವೆ.